ಗಡಿನಾಡಿನ ಗಣಿತ ಶಿಕ್ಷಣ: ಧ್ಯೇಯ ಮತ್ತು ವಿಧಾನ

ಇತಿಹಾಸದ ಅಧ್ಯಾಪಕರು ಗಣಿತದ ಪಾಠಕ್ರಮವನ್ನು ವಿಮರ್ಶಿಸ ಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ನಾಡಿನ ಮಕ್ಕಳು ಯಾವ ಭಾಷೆಯಲ್ಲಿ ಎಣಿಸುತ್ತಾರೆಂಬುದು ಆ ನಾಡಿನ ಚರಿತ್ರೆಗೂ ಸಂಬಂಧಿಸಿದ ವಿಷಯವಾದುದರಿಂದ ನಾವು ಈ ಸಾಹಸಕ್ಕೆ ಕೈಹಾಕಿದ್ದೇವೆ.

ಪ್ರಕೃತ ವಿಮರ್ಶೆಗೆ ವಸ್ತುವಾಗಿರುವುದು ‘ಗಣಿತ ಕಲಿಕಾ ಆಂದೋಲನ’. ಕರ್ನಾಟಕ ಸರ್ಕಾರವು ಅಕ್ಷರ ಫೌಂಡೇಶನ್ನಿನ ಸಹಯೋಗದಲ್ಲಿ 2015ರ ಸುಮಾರಿಗೆ ಬೀದರವೂ ಸೇರಿದಂತೆ ಅಂದಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಲ್ಲಿ ಇದನ್ನು ವಿಸ್ತಾರವಾಗಿ ಆರಂಭಿಸಿತು. ಇದರ ಹಿನ್ನೆಲೆಯಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿದೆ. ಆ ಚೌಕಟ್ಟು ಗಣಿತ ಶಿಕ್ಷಣಕ್ಕೆ ಎರಡು ಧ್ಯೇಯಗಳನ್ನು ಗುರುತಿಸಿತು: ದಿನಬಳಕೆಯ ಲೆಕ್ಕದಲ್ಲಿ ನೈಪುಣ್ಯವು ಸಂಕುಚಿತ ಧ್ಯೇಯ, ಮಗುವಿನ ಆಲೋಚನಾಕ್ರಮವೇ ಗಣಿತಾತ್ಮಕವಾಗುವುದು ಉನ್ನತ ಧ್ಯೇಯ. ಈ ವಿವೇಚನೆ ನಮ್ಮ ನೆಲಕ್ಕೆ ತೀರ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಗಣಿತವನ್ನು ವ್ಯಾಪಾರಕ್ಕೆ ಮಾತ್ರ ಸೀಮಿತಗೊಳಿಸದೆ ಸಕಲ ವಿದ್ಯೆಗಳಿಗೂ ವ್ಯಾಪಿಸುವ ಶಾಸ್ತ್ರವೆಂದು ಎಣಿಸಿದ್ದನು.

ಆಂದೋಲನದ ವಿಧಾನವು ಮೂರು ಮೆಟ್ಟಿಲುಗಳದು: ಮೊದಲು ವಸ್ತು, ಅನಂತರ ಚಿತ್ರ, ಕೊನೆಗೆ ಸಂಕೇತ. ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿಗಳು, ಆಟಿಕೆಯ ನಾಣ್ಯಗಳು ಮೊದಲಾದ ಸಾಮಗ್ರಿಗಳ ಪೆಟ್ಟಿಗೆಯನ್ನು ಶಾಲೆಗಳಿಗೆ ಒದಗಿಸಲಾಯಿತು. ಮುಖ್ಯವಾಗಿ ನಾಲ್ಕು ಮತ್ತು ಐದನೆಯ ತರಗತಿಗಳನ್ನು ಉದ್ದೇಶಿಸಿ ಕೆಲಸ ನಡೆಯಿತು. ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಸ್ಪರ್ಧೆಗಳು ಏರ್ಪಟ್ಟವು. ಕಂಠಪಾಠದ ಮಗ್ಗಿಯಿಂದಲೇ ಗಣಿತವು ಬರುವುದೆಂಬ ನಂಬಿಕೆಯನ್ನು ಸಡಿಲಿಸಿದುದಕ್ಕಾಗಿ ಈ ವಿಧಾನವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಆದರೆ ಈ ಸೋಪಾನದಲ್ಲಿ ಒಂದು ಮೆಟ್ಟಿಲು ಲೋಪವಾಗಿದೆಯೆಂಬುದು ನಮ್ಮ ಆಕ್ಷೇಪ. ವಸ್ತುವಿಗೂ ಸಂಕೇತಕ್ಕೂ ನಡುವೆ ಚಿತ್ರವಲ್ಲದೆ ಮಾತೂ ಇದೆ. ಏಕಭಾಷೆಯ ಪ್ರದೇಶದಲ್ಲಿ ಈ ಲೋಪವು ಕಾಣದೆ ಹೋಗಬಹುದು. ಬೀದರ ಸೀಮೆಯಲ್ಲಿ ಹಾಗಾಗದು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಹಳೆಯ ಬೀದರ ಜಿಲ್ಲೆಯು 1956ರ ನವೆಂಬರ್ 1ರಂದು ಹಂಚಿಹೋದಾಗ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗೆರೆಯು ಭೂಪಟದ ಮೇಲೆ ಬಿದ್ದಿತೇ ಹೊರತು ಮನೆಗಳ ಭಾಷೆಯ ಮೇಲೆ ಬೀಳಲಿಲ್ಲ. ಸಂತಪುರ, ಔರಾದ, ಭಾಲ್ಕಿಗಳಲ್ಲಿ ಕನ್ನಡ, ಮರಾಠಿ, ಉರ್ದುಗಳು ಇಂದಿಗೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ.

ಮನೆಯಲ್ಲಿ ಮರಾಠಿಯನ್ನಾಡಿ, ಶಾಲೆಯಲ್ಲಿ ಕನ್ನಡದಿಂದ ಕಲಿಯುವ ಸಂತಪುರದ ಒಬ್ಬ ಬಾಲಕನನ್ನು ಊಹಿಸೋಣ. ಗುರುಗಳು ‘ನಲವತ್ತಮೂರು’ ಎನ್ನುತ್ತಾರೆ. ಇಲ್ಲಿ ದಶಕವು ಮೊದಲು, ಬಿಡಿಯು ಅನಂತರ. ಮನೆಯಲ್ಲಿ ಅವನು ಕೇಳಿದ್ದು ‘ತ್ರೇಚಾಳೀಸ’. ಅಲ್ಲಿ ಮೂರು ಮೊದಲು, ನಲವತ್ತು ಅನಂತರ. ಉರ್ದುವಿನ ಸಂಖ್ಯಾನಾಮಗಳಲ್ಲಿಯೂ ಬಿಡಿಯೇ ಮುಂದೆ; ಅದಲ್ಲದೆ ಆ ಲಿಪಿಯು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳು ಎಡದಿಂದ ಬಲಕ್ಕೆ ಸಾಗುತ್ತವೆ. ಬಾಲಕನು 43ರ ಬದಲು 34 ಎಂದು ಬರೆದರೆ ಅದು ಅಜಾಗರೂಕತೆಯಲ್ಲ, ದಡ್ಡತನವಂತೂ ಅಲ್ಲ. ಒಂದು ಭಾಷೆಯ ನಿಯಮವನ್ನು ಮತ್ತೊಂದರಲ್ಲಿ ನಿಷ್ಠೆಯಿಂದ ಪಾಲಿಸಿದ ಫಲವಾಗಿರಬಹುದು. ಸ್ಪರ್ಧೆಯ ಉತ್ತರಪತ್ರಿಕೆಯು ಮಾತ್ರ ಈ ಭೇದವನ್ನರಿಯದು. ಅದಕ್ಕೆ ತಪ್ಪೆಲ್ಲವೂ ಒಂದೇ. ಉನ್ನತ ಧ್ಯೇಯದಿಂದ ಹೊರಟ ಕಾರ್ಯವು ಸಂಕುಚಿತ ಧ್ಯೇಯದ ಅಳತೆಗೋಲಿಗೆ ಒಳಗಾಗುವುದು ಇಲ್ಲಿಯೇ.

ಈ ತೊಡಕು ನಮ್ಮ ಕಲ್ಪನೆಯಲ್ಲ. ಮಹಾರಾಷ್ಟ್ರದ ಬಾಲಭಾರತಿಯು 2019ರಲ್ಲಿ ಎರಡನೆಯ ತರಗತಿಯ ಪುಸ್ತಕದಲ್ಲಿ ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ಕ್ರಮವನ್ನು ತಂದಾಗ ದೊಡ್ಡ ವಿವಾದವೆದ್ದಿತು. ರೂಢಿಯ ಹೆಸರುಗಳನ್ನು ಬದಲಿಸಬೇಕೆಂದು ನಾವು ಹೇಳುವುದಿಲ್ಲ. ಎರಡೂ ಭಾಷೆಗಳ ಸಂಖ್ಯಾನಾಮಗಳನ್ನು ಅಕ್ಕಪಕ್ಕದಲ್ಲಿಟ್ಟು, ಮಣಿಚೌಕಟ್ಟಿನ ಮುಂದೆ ಮಕ್ಕಳಿಂದಲೇ ಹೇಳಿಸಿ ಹೋಲಿಸಿದರೆ ಸಾಕು. ಸ್ಥಾನಬೆಲೆಯ ತತ್ತ್ವವು ಆ ಹೋಲಿಕೆಯಲ್ಲಿಯೇ ಸ್ಫುಟವಾಗುತ್ತದೆ. ಪರೀಕ್ಷೆಗಳಲ್ಲಿ ತಪ್ಪುಗಳ ಸಂಖ್ಯೆಯೊಡನೆ ಅವುಗಳ ಜಾತಿಯನ್ನೂ ಗುರುತಿಸತಕ್ಕದ್ದು.

ಗಡಿನಾಡಿನ ಮಗುವಿಗೆ ಎರಡು ಎಣಿಕೆಗಳು ಬರುತ್ತವೆ. ಅದನ್ನು ಕೊರತೆಯೆಂದು ಬಗೆಯುವ ಶಾಲೆಯು ಮಗುವಿನ ಅರ್ಧ ಜ್ಞಾನವನ್ನು ಹೊಸ್ತಿಲ ಹೊರಗೆ ನಿಲ್ಲಿಸಿದಂತೆಯೇ ಸರಿ.