ಪಂಚತಾರಾ ಪಂಕ್ತಿಭೇದ

ಕೊಚ್ಚಿಯ ಬೋಲ್ಗಾಟಿ ದ್ವೀಪದಲ್ಲಿ ಡಚ್ಚರು 1744ರಲ್ಲಿ ಕಟ್ಟಿಸಿದ ಅರಮನೆಯಿದೆ. ಅದೇ ದ್ವೀಪದಲ್ಲಿ, ಹಿನ್ನೀರಿಗೆ ಮುಖಮಾಡಿ, 2018ರಲ್ಲಿ ಗ್ರ್ಯಾಂಡ್ ಹಯಾತ್ ತೆರೆಯಿತು. 2022ರಲ್ಲಿ ತಿರುವನಂತಪುರದಲ್ಲಿ ಅದೇ ಮನೆತನದ ಇನ್ನೊಂದು ಹೋಟೆಲು. ರಜೆಯಲ್ಲಿ ಸಂಸಾರಸಮೇತ ಈ ಎರಡೂ ಊರು ನೋಡಿಬರುವವರು ನಮ್ಮಲ್ಲೂ ಇದ್ದಾರೆ. ನೀರು, ಗಾಳಿ, ಹಾಸಿಗೆಗಳ ಬಗ್ಗೆ ತಕರಾರಿಲ್ಲ. ತಕರಾರು 'ನಿಷ್ಠೆ'ಯ ಲೆಕ್ಕದ ಬಗ್ಗೆ.

ವರ್ಷದಲ್ಲಿ 60 ರಾತ್ರಿ ಈ ಸಂಸ್ಥೆಯ ಹೋಟೆಲುಗಳಲ್ಲಿ ಕಳೆದವರಿಗೆ ಮೇಲಿನ ದರ್ಜೆಯ ಪಟ್ಟ: ಖಾಲಿಯಿದ್ದರೆ ದೊಡ್ಡ ಕೋಣೆ, ಬೆಳಗಿನ ಉಪಾಹಾರ ಪುಕ್ಕಟೆ. ಅರವತ್ತು ರಾತ್ರಿಯೆಂದರೆ ಎರಡು ತಿಂಗಳು! ಕಂಪೆನಿ ಕೆಲಸಕ್ಕೆ ಊರೂರು ಅಲೆದ ಅಪ್ಪ ಮನೆಯಲ್ಲಿಲ್ಲದ ರಾತ್ರಿಗಳೇ ಅವು. ಆ ಅಸಲಿನ ಬಡ್ಡಿಯನ್ನು ರಜೆಯಲ್ಲಿ ಮಕ್ಕಳಿಗೆ ಇಡ್ಲಿಯಾಗಿ ಬಡಿಸುತ್ತಾರೆ.

ಅದೂ ಎಷ್ಟು ಮಂದಿಗೆ? ಕೋಣೆಯೊಂದಕ್ಕೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ನಮ್ಮ ಮನೆಗಳ ತಲೆಯೆಣಿಕೆ ಅಷ್ಟಕ್ಕೆ ನಿಲ್ಲುವುದುಂಟೆ? ಜತೆಗೆ ಬಂದ ಅಜ್ಜಿ ಐದನೆಯವರು, ಸವಲತ್ತಿಗೆ ಹೊರಗು. ಆ ಅರವತ್ತು ರಾತ್ರಿ ಮಕ್ಕಳಿಗೆ ಕಥೆ ಹೇಳಿ ಮಲಗಿಸಿದವರು ಅವರೇ ತಾನೆ! ಛತ್ರದ ಊಟದಲ್ಲಿ ಪಂಕ್ತಿಭೇದ ಕಂಡರೆ ಕೆರಳುವ ನಾವು ಇಲ್ಲಿ ಅದನ್ನೇ ಗೌರವವೆಂದು ಕಿಸೆಯಲ್ಲಿಟ್ಟುಕೊಂಡು ಓಡಾಡುತ್ತೇವೆ.

ತಿರುವನಂತಪುರದ ತಂಪಾನೂರಿನಲ್ಲಿ, ಬಸ್ ನಿಲ್ದಾಣದ ಹತ್ತಿರ, ಲಾರಿ ಬೇಕರ್ ಕಟ್ಟಿದ ಸುರುಳಿ ಗೋಪುರದಂಥ ಇಂಡಿಯನ್ ಕಾಫಿ ಹೌಸ್ ಇದೆ. ಎಲ್ಲರಿಗೂ ಒಂದೇ ಬೆಲೆ. ನೆಲ ಸುತ್ತಿಕೊಂಡು ಮೇಲೇರುತ್ತ ಹೋಗುತ್ತದೆ. ಅಜ್ಜಿ ಜತೆಗಿದ್ದರೆ ಕೆಳಗಿನ ಮೇಜನ್ನೇ ಹಿಡಿಯಿರಿ.