ಸುಗಮ ಸಂಗೀತದ ಗೃಹಸ್ಥಾಶ್ರಮ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದಿಂದ ಮೊದಲ್ಗೊಂಡು ಬಸವೇಶ್ವರನಗರ, ವಿಜಯನಗರಗಳನ್ನು ಹಾಯ್ದು ಕೆಂಗೇರಿ ಉಪನಗರದವರೆಗೆ ಹಬ್ಬಿರುವ ಬಡಾವಣೆಗಳಲ್ಲಿ, ಸಂಜೆಯ ಹೊತ್ತು ಯಾವುದೋ ಮಹಡಿಯ ಕೋಣೆಯಿಂದ ಹಾರ್ಮೋನಿಯಂ ನಾದದೊಡನೆ ಮಕ್ಕಳ ಕಂಠಗಳು ಬೀದಿಗೆ ಇಳಿದುಬರುತ್ತಿದ್ದರೆ, ಅಲ್ಲಿ ಹಾಡುತ್ತಿರುವುದು ತ್ಯಾಗರಾಜರ ಕೃತಿಯಲ್ಲದ ಪಕ್ಷದಲ್ಲಿ ಬಹುಮಟ್ಟಿಗೆ ಬೇಂದ್ರೆಯವರದೋ ಕೆ.ಎಸ್. ನರಸಿಂಹಸ್ವಾಮಿಯವರದೋ ಒಂದು ಕವಿತೆಯಾಗಿರುತ್ತದೆ. ಕವಿತೆಯನ್ನು ಪುಸ್ತಕದ ಪುಟದಿಂದೆತ್ತಿ ನಡುಮನೆಗೆ ತಂದ ಈ ಸುಗಮ ಸಂಗೀತ ಸಂಪ್ರದಾಯದ ಗುಣದೋಷಗಳನ್ನು, ಅದನ್ನು ಕಟ್ಟಿದವರ ಜೀವನಕ್ರಮವನ್ನು ಬದಿಗಿಟ್ಟು, ಧಾಟಿಗಳಿಂದಷ್ಟೇ ಅಳೆಯಲಾಗದು. ಅದು ಮೂಲತಃ ಗೃಹಸ್ಥರ ಕಲೆ. ಸಂಬಳದ ದುಡಿಮೆ ಮುಗಿಸಿ ಬಂದವರು ಸಂಜೆಯಲ್ಲಿ ಮಾಡಿದ ಉಪಾಸನೆ.

ಆದಿಪುರುಷರೆನಿಸಿದ ಪಿ. ಕಾಳಿಂಗರಾಯರು (1914–1981) ಈ ಮಾತಿಗೆ ಅಪವಾದ. ನಾಟಕ ಕಂಪನಿಯಲ್ಲಿ ಬೆಳೆದು, ಸಿನಿಮಾ ರಂಗವನ್ನು ಹೊಕ್ಕು, ಮೋಹನಕುಮಾರಿ–ಸೋಹನಕುಮಾರಿಯರನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿ ಹಾಡಿದ ಅವರು, ಹಾಡಿನಿಂದಲೇ ಬದುಕಲು ಹೊರಟವರು. ಅವರ ತರುವಾಯ ಬಂದ ಪ್ರಮುಖರಾದರೋ ಹೆಚ್ಚಾಗಿ ಬೇರೊಂದು ನೆಲೆಯಲ್ಲಿ ಕಾಲೂರಿ ನಿಂತು ಹಾಡಿದರು. ಸಿ. ಅಶ್ವತ್ಥ್ ಐ.ಟಿ.ಐ. ಕಾರ್ಖಾನೆಯ ನೌಕರಿಯಲ್ಲಿ ದಶಕಗಳನ್ನು ಕಳೆದರು. 'ಕಾಡು ಕುದುರೆ' ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ಇವರೆಲ್ಲರಿಗೂ ಪದ್ಯವನ್ನಿತ್ತ ಕೆ.ಎಸ್. ನಿಸಾರ್ ಅಹಮದರು ಕಾಲೇಜಿನಲ್ಲಿ ಭೂವಿಜ್ಞಾನ ಬೋಧಿಸುತ್ತಿದ್ದವರು. ಹೊಟ್ಟೆಯ ಚಿಂತೆ ಹಾಡಿನ ಮೇಲೆ ಬೀಳದಿದ್ದುದರಿಂದ ಇವರಿಗೆ ಲಭಿಸಿದ ಸ್ವಾತಂತ್ರ್ಯ ಸಣ್ಣದಲ್ಲ. ಸಿನಿಮಾದ ಮರ್ಜಿ ಕಾಯದೆ, ತಾವು ಮೆಚ್ಚಿದ ಕವಿಯನ್ನು ಆರಿಸಿಕೊಂಡು, ಮಾತು ಕೇಳುವಂತೆ ಹಾಡುವೆವೆಂಬ ಛಲ ಅವರಿಗೆ ಸಾಧ್ಯವಾಯಿತು. ಆದರೆ ಅದೇ ಕಾರಣದಿಂದ, ಕರ್ನಾಟಕ ಸಂಗೀತಕ್ಕಿರುವಂಥ ಸರಳೆ–ಜಂಟಿಗಳ ಪಾಠಕ್ರಮವಾಗಲಿ, ಹಿಂದೂಸ್ತಾನಿಯ ಘರಾಣೆಗಳಲ್ಲಿರುವ ಶಿಷ್ಯವೃತ್ತಿಯ ಕಟ್ಟುನಿಟ್ಟಾಗಲಿ ಇಲ್ಲಿ ಬೆಳೆಯಲಿಲ್ಲ. ಸಂಜೆಗೆ ಬಿಡುವಾದ ಗುರು, ಸಂಜೆಗೆ ಬಿಡುವಾದ ಶಿಷ್ಯ; ನಡುವೆ ಒಂದು ಧ್ವನಿಸುರುಳಿ.

ಆ ಧ್ವನಿಸುರುಳಿಯ ಪ್ರಭಾವವನ್ನು ನಾವು ಇನ್ನೂ ಸರಿಯಾಗಿ ತೂಗಿ ನೋಡಿಲ್ಲ. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಹೊರಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಯಿತು; ಅಲ್ಲಿಂದಾಚೆಗೆ ಕವಿತೆ ಮನೆಮನೆಗೆ ನುಗ್ಗಿತು. ಕವನಸಂಕಲನವೊಂದು ಸಾವಿರ ಪ್ರತಿ ಖರ್ಚಾದರೆ ಪುಣ್ಯವೆನ್ನುವ ನಾಡಿನಲ್ಲಿ ಇದು ಎಂಥ ಉಪಕಾರವೆಂಬುದನ್ನು ಹೇಳಬೇಕಾಗಿಲ್ಲ. ಬೆಲೆಯನ್ನೂ ತೆತ್ತೆವು. ಆರೇಳು ನುಡಿಗಳ ಕವಿತೆ ಮೂರಕ್ಕೆ ಇಳಿಯಿತು. ಮೊದಲ ನುಡಿ ಪಲ್ಲವಿಯಾಗಿ, ಪ್ರತಿ ಚರಣದ ಕೊನೆಗೂ ಮರಳಿ ಬರತೊಡಗಿತು. 'ಮೈಸೂರ ಮಲ್ಲಿಗೆ'ಯ ಪದ್ಯಗಳಲ್ಲಿ ಅನೇಕವು ಗಂಡಹೆಂಡಿರ ಸಂಸಾರದ ಪುಟ್ಟ ಪ್ರಸಂಗಗಳು. ಅವುಗಳಲ್ಲಿ ಭಾವವು ನುಡಿಯಿಂದ ನುಡಿಗೆ ಸರಿಯುತ್ತ, ಆರಂಭದಲ್ಲಿದ್ದ ಸರಸ ಕೊನೆಗೆ ಬೇರೆ ಬಣ್ಣ ತಳೆದಿರುತ್ತದೆ. ಅಲ್ಲಿಗೆ ತಲುಪುವ ಮೊದಲೇ ಗಾಯಕ ನಮ್ಮನ್ನು ಹೊಸಿಲಿಗೆ ಹಿಂದಕ್ಕೆ ಕರೆತಂದರೆ ಕವಿಯ ನಡಿಗೆ ಮುರಿಯದೆ ಹೇಗಿದ್ದೀತು?

ಇನ್ನು ಧಾಟಿಯ ಮಾತು. ಅನಂತಸ್ವಾಮಿಯವರದು ತಡೆದು ನಿಲ್ಲಿಸಿದ ಸಂಗೀತ. ಪದದ ಉಚ್ಚಾರಕ್ಕೆ ಎಡೆಗೊಟ್ಟು ತಾನು ಹಿಂದೆ ಸರಿಯುವ ವಿನಯ ಅದಕ್ಕಿದೆ. ಅಶ್ವತ್ಥರದು ಅದಕ್ಕೆ ತೀರ ವಿರುದ್ಧವಾದ ಪ್ರಕೃತಿ. 2005ರಲ್ಲಿ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಆ ಉಗ್ರಕಂಠ ತನಗೆ ತಕ್ಕ ಬಯಲನ್ನು ಕಂಡಿತು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಪ್ರೇರಣೆಯಿಂದ ಅವರು ಕೈಗೆತ್ತಿಕೊಂಡ ಶರೀಫರ ತತ್ತ್ವಪದಗಳು ಅವರ ಶ್ರೇಷ್ಠ ಸಾಧನೆಯೆಂದು ನನ್ನ ಎಣಿಕೆ. ಆ ಪದಗಳು ಹುಟ್ಟಿದ್ದೇ ಭಜನೆಯ ಮೇಳಕ್ಕಾಗಿ, ಒಬ್ಬನ ಸೊಲ್ಲಿಗೆ ಹತ್ತು ಜನ ದನಿಗೂಡಿಸಲೆಂದು. ಅದೇ ಆವೇಶವನ್ನು ಮೆಲುದನಿಯ ಪ್ರೇಮಗೀತೆಗೆ ತಂದಾಗ ಮಾತ್ರ, ಕಿವಿಯಲ್ಲಿ ಹೇಳಬೇಕಾದುದನ್ನು ಚಾವಡಿಯಲ್ಲಿ ಸಾರಿದಂತಾಗುತ್ತಿತ್ತು. ಹೀಗೆಂದರೆ ಸಿಟ್ಟಾಗುವ ಅಭಿಮಾನಿಗಳು ವಿಜಯನಗರದ ಯಾವ ಅಡ್ಡರಸ್ತೆಯಲ್ಲಾದರೂ ಸಿಗುತ್ತಾರೆ, ಸಿಗಲಿ.

ಹೆಚ್ಚು ಗಂಭೀರವಾದ ಆಕ್ಷೇಪ ಬೇರೆಯದು. ಪ್ರಾಸವೂ ಗೇಯತೆಯೂ ಉಳ್ಳ ನವೋದಯದ ಕಾವ್ಯವನ್ನು ಈ ಸಂಪ್ರದಾಯ ಸುಲಭವಾಗಿ ಒಳಗೊಂಡಿತು. ನವ್ಯದ ಬಾಗಿಲಲ್ಲಿ ನಿಂತುಬಿಟ್ಟಿತು. ಗೋಪಾಲಕೃಷ್ಣ ಅಡಿಗರ ಮೋಹನ ಮುರಲಿಯ ಗೀತೆಯನ್ನು ಅರಿಯದವರಿಲ್ಲ; 'ಭೂಮಿಗೀತ'ದ ಅಡಿಗರು ಹಾಡುಗಾರರಿಗೆ ಅಪರಿಚಿತರಾಗಿಯೇ ಉಳಿದರು. ಒರಟು ಲಯಕ್ಕೆ ಒರಟು ಸ್ವರವನ್ನು ಹುಡುಕುವ ದುಡಿಮೆ ಬಿಡುವಿನ ವೇಳೆಯದಲ್ಲ, ಇಡೀ ಆಯುಷ್ಯವನ್ನು ಕೇಳುವಂಥದು.

ಈಗ ಆ ಮಹಡಿಯ ಕೋಣೆಯ ಒಳಗನ್ನು ನೋಡೋಣ. ಶ್ರುತಿಪೆಟ್ಟಿಗೆಯ ಕೆಲಸವನ್ನು ಮೊಬೈಲು ಮಾಡುತ್ತಿದೆ. ಮಕ್ಕಳ ತೊಡೆಯ ಮೇಲೆ ಇನ್ನೂರು ಪುಟದ ನೋಟುಪುಸ್ತಕ. ಅದರಲ್ಲಿ ಸಾಹಿತ್ಯ ಮಾತ್ರ, ಸ್ವರಪ್ರಸ್ತಾರವಿಲ್ಲ. ಎರಡು ಚರಣಗಳ ನಡುವೆ ಕೆಂಪು ಶಾಯಿಯಲ್ಲಿ 'ಕೊಳಲು' ಎಂದು ಬರೆದಿದೆ. ಅಲ್ಲಿಗೆ ಬಂದಾಗ ಮಕ್ಕಳೆಲ್ಲ ಹಳೆಯ ಧ್ವನಿಸುರುಳಿಯ ಆ ಕೊಳಲಿನ ತುಣುಕನ್ನು ಬಾಯಲ್ಲೇ ಗುನುಗಿ ಮುಂದಿನ ನುಡಿ ಹಿಡಿಯುತ್ತಾರೆ. ಅಂದು ಸ್ಟುಡಿಯೋದಲ್ಲಿ ವಾದಕನೊಬ್ಬ ಒದಗಿಸಿದ ಅಲಂಕಾರವು ಇಂದು ಕವಿತೆಯ ಅಂಗವಾಗಿಹೋಗಿದೆ. ಕಲಿಸುವವರನ್ನು ದೂರಿ ಫಲವಿಲ್ಲ. ಅಶ್ವತ್ಥರಿಗಿದ್ದ ಕಾರ್ಖಾನೆಯ ಸಂಬಳ ಇವರಲ್ಲಿ ಹಲವರಿಗಿಲ್ಲ. ಮಕ್ಕಳ ಫೀಸು, ಮದುವೆಯ ಆರತಕ್ಷತೆ, ನವೆಂಬರ್ ತಿಂಗಳ ರಾಜ್ಯೋತ್ಸವದ ವೇದಿಕೆ, ಇವಿಷ್ಟರಲ್ಲಿ ವರ್ಷ ಸಾಗಬೇಕು. ಟ್ರ್ಯಾಕ್ ಹಾಕಿ ಹಾಡಿದರೆ ತಬಲದವರಿಗೂ ಕೀಬೋರ್ಡಿನವರಿಗೂ ಕೊಡುವ ಹಣ ಉಳಿಯುತ್ತದೆ. ಟ್ರ್ಯಾಕ್ ಹಾಕಿದ ಮೇಲೆ ಧಾಟಿಯನ್ನು ಕೂದಲೆಳೆಯಷ್ಟು ಬದಲಿಸುವುದೂ ಅಸಾಧ್ಯ.

ಒಂದು ಕವಿತೆಗೆ ಒಂದೇ ಧಾಟಿಯೆಂಬ ಈ ನಂಬಿಕೆ ಮೊದಲಿನವರಿಗಿರಲಿಲ್ಲ. 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ಕವಿತೆಗೇ ಅನಂತಸ್ವಾಮಿಯವರದೊಂದು, ಅಶ್ವತ್ಥರದೊಂದು ಧಾಟಿಯಿದ್ದು, ಎರಡೂ ಬಳಕೆಯಲ್ಲಿದ್ದವು. ವಾದವಿವಾದಗಳ ಬಳಿಕ ಎಚ್.ಆರ್. ಲೀಲಾವತಿಯವರ ಸಮಿತಿಯ ವರದಿಯನ್ನಾಧರಿಸಿ, ಸರ್ಕಾರ 2022ರಲ್ಲಿ ಅನಂತಸ್ವಾಮಿಯವರ ಧಾಟಿಯನ್ನು ಎರಡೂವರೆ ನಿಮಿಷದ ಅವಧಿಯೊಡನೆ ಗೊತ್ತುಮಾಡಿತು. ಉಚ್ಚ ನ್ಯಾಯಾಲಯವೂ 2024ರಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಸಾವಿರಾರು ಮಂದಿ ಒಟ್ಟಿಗೆ ಎದ್ದು ನಿಂತು ಹಾಡಬೇಕಾದ ಗೀತೆಗೆ ಅದು ಯುಕ್ತವೇ ಸರಿ. ಆದರೆ ಬಡಾವಣೆಯ ಸ್ಪರ್ಧೆಗಳಲ್ಲಿ, ತಾನೇ ಧಾಟಿ ಕಟ್ಟಿಕೊಂಡು ಬಂದ ಹುಡುಗಿಗೆ 'ಮೂಲ ಧಾಟಿಯಲ್ಲಿಲ್ಲ' ಎಂದು ಅಂಕ ಕಳೆಯುವ ತೀರ್ಪುಗಾರರಿಗೆ ಇಂಥ ಆದೇಶವನ್ನು ಯಾವ ಸರ್ಕಾರವೂ ಕೊಟ್ಟಿಲ್ಲ.