ನೋಟಿನ ಬೆನ್ನ ಮೇಲೊಂದು ಎಲೆ

ಅಮೆರಿಕದ ಹಣ ಎಂದೊಡನೆ ಕಣ್ಣಿಗೆ ಬರುವುದು ಹಸಿರು ಡಾಲರು. ಅದರ ಕೆತ್ತನೆಯ ಅಚ್ಚುಕಟ್ಟು ನನಗೂ ಇಷ್ಟ. ಆದರೆ ಆ ನೆಲದಲ್ಲಿ ಅಚ್ಚಾದ ಹಣದಲ್ಲೆಲ್ಲ ಚೆಲುವಾದದ್ದು ಯಾವುದೆಂದು ಕೇಳಿದರೆ, ಆ ದೇಶ ಹುಟ್ಟುವುದಕ್ಕೂ ಮೊದಲು ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕಿದ ಎಲೆಯ ನೋಟುಗಳನ್ನೇ ಹೇಳುತ್ತೇನೆ.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕಾಗದ. ಮುಂಬದಿಯಲ್ಲಿ ಮೊತ್ತ, ಲಾಂಛನ, ಒತ್ತೊತ್ತಾದ ಅಕ್ಷರಗಳು, ಕೆಳಗೆ ಶಾಯಿಯಲ್ಲಿ ಕೈಯಿಂದಲೇ ಹಾಕಿದ ಸಹಿಗಳು. ತಿರುಗಿಸಿದರೆ ಸೇಜ್ ಗಿಡದ ಒಂದು ಎಲೆ. ಯಾರೋ ಬರೆದ ಎಲೆಯಲ್ಲ, ಗಿಡದಿಂದ ಕಿತ್ತ ಎಲೆಯೇ. ನಡುನರ ತೊಟ್ಟಿನ ಬಳಿ ದಪ್ಪಗಿದ್ದು, ತುದಿಯತ್ತ ಹೋಗುತ್ತ ಹೋಗುತ್ತ ಕೂದಲೆಳೆಯಾಗುತ್ತದೆ. ಅದರಿಂದ ಕವಲೊಡೆದ ನರಗಳು, ಆ ನರಗಳ ನಡುವೆ ಇನ್ನೂ ಸಣ್ಣ ಜಾಲ. ಪುಸ್ತಕದೊಳಗಿಟ್ಟು ಒಣಗಿಸಿದ ಅರಳಿ ಎಲೆಯ ಹಾಗೆ. ಸೇಜ್ ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ ಗಿಡ ಎಂದು ತಿಳಿದ ಮೇಲೆ ಆ ಎಲೆ ಇನ್ನಷ್ಟು ಹತ್ತಿರದ್ದೆನಿಸುತ್ತದೆ. ಇಷ್ಟು ಮೃದುವಾದ ಚಿತ್ರವಿರುವ ಆ ಕಾಲದ ನೋಟುಗಳ ಮೇಲೆಯೇ ಒಂದು ಕಟುವಾದ ಎಚ್ಚರಿಕೆಯೂ ಇರುತ್ತಿತ್ತು: ಖೋಟಾ ಮಾಡಿದವರಿಗೆ ಮರಣ.

ಅಂಥ ಎಚ್ಚರಿಕೆಗೆ ಕಾರಣವಿತ್ತು. ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಬೆಳ್ಳಿ ನಾಣ್ಯಕ್ಕೆ ಸದಾ ಬರ. ಕೈಗೆ ಬಂದ ಸ್ಪೇನ್‌ನ ಬೆಳ್ಳಿ ಡಾಲರುಗಳೂ ಆಮದಿನ ಬಾಬ್ತಿಗೆ ಇಂಗ್ಲೆಂಡಿಗೆ ಹೋಗಿಬಿಡುತ್ತಿದ್ದವು. 1723ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ಸಾಲದ ಕಚೇರಿಯೊಂದನ್ನು ತೆರೆದು, ಜಮೀನಿನ ಅಡಮಾನದ ಮೇಲೆ ಜನರಿಗೆ ಕಾಗದದ ಹಣವನ್ನು ಸಾಲ ಕೊಡಲು ಆರಂಭಿಸಿತು. 1729ರಲ್ಲಿ, ಇಪ್ಪತ್ಮೂರರ ಹರೆಯದ ಫ್ರಾಂಕ್ಲಿನ್ ಕಾಗದದ ಹಣ ಏಕೆ ಬೇಕು ಎಂದು ವಾದಿಸಿ ಒಂದು ಕಿರುಹೊತ್ತಗೆ ಬರೆದ. ಮುಂದೆ ನೋಟು ಅಚ್ಚು ಹಾಕುವ ಕೆಲಸವೂ ಅವನ ಪಾಲಿಗೇ ಬಂತು. ಆದರೆ ಅಚ್ಚಿನಮೊಳೆ ಜೋಡಿಸಬಲ್ಲ ಯಾವ ಕಳ್ಳನೂ ಆ ಕಾಲದ ನೋಟನ್ನು ನಕಲು ಮಾಡಬಹುದಿತ್ತು.

ಎಲೆ ಬಂದದ್ದು ಇದಕ್ಕೆ ಉತ್ತರವಾಗಿ, 1737ರ ಸುಮಾರಿಗೆ. ಒದ್ದೆ ಬಟ್ಟೆಯ ಮೇಲೆ ಎಲೆಯನ್ನು ಹಾಸಿ, ಅದರಿಂದ ಪ್ಲಾಸ್ಟರಿನ ಪಡಿಯಚ್ಚು ತೆಗೆದು, ಅದಕ್ಕೆ ಅಚ್ಚಿನಮೊಳೆಯ ಲೋಹವನ್ನು ಕರಗಿಸಿ ಹೊಯ್ಯುವುದು. ಆರಿದ ಮೇಲೆ ಎಲೆ ಲೋಹವಾಗಿ ಎದ್ದು ಬರುತ್ತದೆ, ಉಳಿದ ಅಚ್ಚಿನಮೊಳೆಗಳ ಜೊತೆ ಯಂತ್ರಕ್ಕೆ ಕೂರುತ್ತದೆ. ಕೆಲವು ನೋಟುಗಳಲ್ಲಿ ಎಲೆಯ ಹಿಂದೆ ಬಟ್ಟೆಯ ನೇಯ್ಗೆಯೂ ಮೂಡಿದೆ. ನನ್ನ ಕಣ್ಣು ಎಲೆಯಿಂದ ಆ ನೇಯ್ಗೆಗೂ ಅಲ್ಲಿಂದ ಮತ್ತೆ ಎಲೆಗೂ ಓಡಾಡುತ್ತಲೇ ಇರುತ್ತದೆ. ಎಷ್ಟೇ ನುರಿತ ಕೆತ್ತನೆಗಾರನಾದರೂ ನರ ಸಣ್ಣಗಾಗುತ್ತ ಹೋಗುವ ಆ ಹದವನ್ನು ಉಳಿಯಲ್ಲಿ ತರುವುದು ಬಹಳ ಕಷ್ಟ. ಒಂದು ಎಲೆಯಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ, ಇನ್ನೊಂದು ಎಲೆ ತಂದು ಅಚ್ಚು ತೆಗೆದರೂ ಮೋಸ ಸಿಕ್ಕಿಬೀಳುತ್ತದೆ. ಚೆಂದವೇ ಕಾವಲಾಗಿ ನಿಂತ ಇಂಥ ಉಪಾಯ ಹಣದ ಚರಿತ್ರೆಯಲ್ಲಿ ನನಗೆ ಬೇರೆಡೆ ಕಂಡಿಲ್ಲ.

ಈ ಮೆಚ್ಚುಗೆಯಲ್ಲಿ ಫ್ರಾಂಕ್ಲಿನ್‌ನ ಗೆಳೆಯ ಜೋಸೆಫ್ ಬ್ರೈಂಟ್ನಲ್‌ಗೂ ಪಾಲು ಸಲ್ಲಬೇಕು. ಎಲೆಗೇ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿ ಅದರ ಪಡಿಯಚ್ಚು ತೆಗೆಯುವ ಹವ್ಯಾಸ ಅವನಿಗೆ ಮೊದಲೇ ಇತ್ತು.

ಬ್ರಿಟನ್ ವಿರುದ್ಧ ಸ್ವಾತಂತ್ರ್ಯ ಯುದ್ಧ ಬಂದಾಗ ಆ ಎಲೆಗಳೂ ಜೊತೆಗೆ ಹೋದವು. 1775ರಿಂದ ಬಂಡೆದ್ದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಹೊರಡಿಸಿದ ಡಾಲರು ನೋಟುಗಳನ್ನು ಅಚ್ಚು ಹಾಕಿದ ಹಾಲ್ ಮತ್ತು ಸೆಲ್ಲರ್ಸ್ ಮುದ್ರಣಾಲಯ ಫ್ರಾಂಕ್ಲಿನ್‌ನ ಹಳೆಯ ಮುದ್ರಣಾಲಯದ ಮುಂದುವರಿಕೆಯೇ. ಎಂಟು ಡಾಲರಿನ ನೋಟಿನ ಮೇಲೆ ಹದಿಮೂರು ತಂತಿಯ ಹಾರ್ಪ್ ವಾದ್ಯ, ಆರು ಡಾಲರಿನದರ ಮೇಲೆ ಮರ ಕಡಿಯುವ ಬೀವರ್, ಬೆನ್ನ ಮೇಲೆ ಅಂಥದೇ ಎಲೆಗಳು. ಬ್ರಿಟಿಷರು ಅವನ್ನೂ ಖೋಟಾ ಮಾಡಿ ಹಂಚಿದರು. ಅದಕ್ಕಿಂತ ದೊಡ್ಡ ಪೆಟ್ಟು ಕಾಂಗ್ರೆಸ್ಸಿನದೇ. ತೆರಿಗೆ ಹಾಕುವ ಅಧಿಕಾರವಿಲ್ಲದೆ ಅದು ಸುಮಾರು 24 ಕೋಟಿ ಡಾಲರಿನಷ್ಟು ನೋಟು ಹೊರಡಿಸಿತು. 1780ರಲ್ಲಿ ಕಾಂಗ್ರೆಸ್ಸೇ ನಲವತ್ತು ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರು ಎಂದು ಒಪ್ಪಿಕೊಳ್ಳಬೇಕಾಯಿತು. 1787ರ ಸಂವಿಧಾನ ರಾಜ್ಯಗಳು ಇಂಥ ನೋಟು ಹೊರಡಿಸುವುದನ್ನೇ ನಿಷೇಧಿಸಿತು.

ಎಲೆಯಚ್ಚಿನ ಗುಟ್ಟನ್ನು ಫ್ರಾಂಕ್ಲಿನ್ ಬಾಯಿಬಿಡಲಿಲ್ಲ. 1964ರಲ್ಲಿ ನಾಣ್ಯತಜ್ಞ ಎರಿಕ್ ನ್ಯೂಮನ್ ಅದನ್ನು ವಿವರಿಸಿ ಬರೆದ. ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಇಂಥ ನೋಟುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿಟ್ಟಿದೆ. ನೋಡುವುದಾದರೆ ಹಿಂಬದಿಯನ್ನೇ ನೋಡಿ, ನರಗಳು ಬಿಡಿಬಿಡಿಯಾಗಿ ಕಾಣುವಷ್ಟು ದೊಡ್ಡದು ಮಾಡಿ ನೋಡಿ.